ಪಿಟೀಲಿನ ಕೆಳಗೆ ಇಲ್ಲದ ಸನಾಯಿ

ಆ ಸಿನಿಮಾದಿಂದ ಈರಣ್ಣ ಮಾವನ ಸನಾಯಿಯನ್ನು ತೆಗೆಸಿದವಳು ನಾನು. ಸಂಗೀತ ನಿರ್ದೇಶಕರಲ್ಲ, ನಿರ್ಮಾಪಕರೂ ಅಲ್ಲ — ನಾನು, ಅವನ ಸ್ವಂತ ಅಕ್ಕನ ಮಗಳು. ತೆಗೆಸಿದ್ದು ಸಾಲದೆ ಅವನಿಗೆ ಸುಳ್ಳನ್ನೂ ಹೇಳಿದೆ. ಆ ಸುಳ್ಳು ಅವನನ್ನು ಏನು ಮಾಡಿತು ಎಂಬುದು ನನಗೆ ತಿಳಿದದ್ದು ಈಚೆಗೆ.

ಮಾವ ಆದೋನಿ ಹತ್ತಿರದ ಪೆದ್ದಹರಿವಾಣ ಎಂಬ ಹಳ್ಳಿಯವನು. ಮದುವೆಗಳಲ್ಲಿ, ಕುಸ್ತಿಯ ಕಣಗಳಲ್ಲಿ ಸನಾಯಿ ಊದುತ್ತಿದ್ದ. ನಾನು ಪಿಟೀಲು ಕಲಿಯುತ್ತೇನೆಂದು ಹಟ ಹಿಡಿದಾಗ ಮನೆಯವರೆಲ್ಲ ನಕ್ಕರು, ಅವನು ನಗಲಿಲ್ಲ. ಆದೋನಿಯ ಮೇಷ್ಟರೊಬ್ಬರ ಹತ್ತಿರ ಸೇರಿಸಿದ. ತುಂಬಿದ ಬಸ್ಸಿನಲ್ಲಿ ನನ್ನ ಪಿಟೀಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಮೊಣಕೈಯೂ ತಾಗದಂತೆ ಎರಡೂ ಕೈಯಿಂದ ಬಳಸಿ ಕೂರುತ್ತಿದ್ದ. ನಾನು ಹೈದರಾಬಾದಿನ ಸಿನಿಮಾ ಆರ್ಕೆಸ್ಟ್ರಾದಲ್ಲಿ ಕೂತದ್ದು ಆ ಬಸ್ಸಿನಿಂದ ಇಳಿದೇ.

ಬ್ರಿಟಿಷರ ಕಾಲದ ಪೈಲ್ವಾನನೊಬ್ಬನ ಕಥೆಯ ತೆಲುಗು ಚಿತ್ರ ಅದು. ಕೊನೆಯ ಕುಸ್ತಿಗೆ ಇಡೀ ಆರ್ಕೆಸ್ಟ್ರಾ ಇತ್ತು — ಸಾಲುಸಾಲು ಪಿಟೀಲು, ಚೆಲ್ಲೊ, ಕಹಳೆ. ಅದರ ನಡುವೆ ಒಂದು ಕಡೆ ನಾನೊಬ್ಬಳೇ ಬಾರಿಸುವ ತುಣುಕೂ ಇತ್ತು. ಆದರೆ ಸಂಗೀತ ನಿರ್ದೇಶಕರಿಗೆ ಸಮಾಧಾನವಿರಲಿಲ್ಲ. ಇಲ್ಲಿ ಮಣ್ಣು ಕೇಳಿಸುತ್ತಿಲ್ಲ, ಹಳ್ಳಿಯ ಸನಾಯಿ ಬೇಕು ಎಂದರು. ಮಾವನ ಹೆಸರು ಹೇಳಿದವಳು ನಾನೇ. ಸಂಬಂಧವನ್ನು ಮಾತ್ರ ಹೇಳಲಿಲ್ಲ — "ನಮ್ಮ ಕಡೆಯವರು ಒಬ್ಬರಿದ್ದಾರೆ" ಎಂದಷ್ಟೇ ಹೇಳಿದೆ.

ಮಾವ ಹೊಸ ರುಮಾಲು ಸುತ್ತಿಕೊಂಡು ಬಂದ. ರುಮಾಲಿನ ಮೇಲೆ ಹೆಡ್‌ಫೋನ್ ಕೂರಲಿಲ್ಲ, ತೆಗೆಯೆಂದರೆ ಸಂಕೋಚಪಟ್ಟ. ಕಿವಿಯೊಳಗೆ ತಾಳ ಹಿಡಿಯುವ ಟಿಕ್ ಟಿಕ್ ಸದ್ದಿಗೆ ಅವನ ಉಸಿರು ಹೊಂದಲಿಲ್ಲ. ಅವನು ಪರದೆಯ ಮೇಲಿನ ಪೈಲ್ವಾನರನ್ನು ನೋಡಿ ಊದುತ್ತಿದ್ದ, ಅವರ ಪಟ್ಟುಗಳಿಗೆ ತಕ್ಕಂತೆ. ಮತ್ತೆ ಮತ್ತೆ ಕೆಟ್ಟಿತು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕರು. ಅವನು ನನ್ನತ್ತ ನೋಡಿದ. ನಾನು ಪಿಟೀಲಿನ ತಂತಿ ಬಿಗಿಮಾಡುತ್ತಿರುವವಳಂತೆ ತಲೆ ತಗ್ಗಿಸಿದೆ.

ಕೊನೆಗೊಮ್ಮೆ ಸರಿಬಂತು. ಬರೀ ಸರಿಯಲ್ಲ — ತುಂಬಾ ಚೆನ್ನಾಗಿ ಬಂತು. ನಿಜವಾಗಿ ಹೇಳುತ್ತಿದ್ದೇನೆ, ನಕ್ಕವರೂ ಸುಮ್ಮನಾದರು.

ಅವನು ಊರಿಗೆ ಹೋದ ಮೇಲೆ ಎಲ್ಲ ಸದ್ದುಗಳನ್ನು ಕೂಡಿಸುವ ದಿನ ನಿರ್ದೇಶಕರು ನನ್ನನ್ನು ಕೇಳಿದರು. ನಿನ್ನ ತುಣುಕಿನ ಜಾಗದಲ್ಲಿ ಸನಾಯಿ ಇರಲಿಯೇ, ಅಥವಾ ಮೊದಲು ಬರೆದಂತೆ ನಿನ್ನ ಪಿಟೀಲೇ ಇರಲಿಯೇ? ನಿಮ್ಮ ಕಡೆಯವರಲ್ಲವೇ, ನೀನೇ ಹೇಳು.

"ವದ್ದು ಸಾರ್, ತೀಸೇದ್ದಾಂ" ಎಂದೆ. ಬೇಡ ಸರ್, ತೆಗೆದುಬಿಡೋಣ.

ಯೋಚಿಸಲೂ ಇಲ್ಲ. ನನ್ನ ತುಣುಕು ಉಳಿಯಲಿ ಎಂಬ ಆಸೆಯೋ, ಆ ರುಮಾಲಿನ ನಾಚಿಕೆಯೋ — ಎರಡೂ.

ಚಿತ್ರ ಆದೋನಿಗೆ ಬಂದಾಗ ಮಾವ ಮನೆಮಂದಿಯನ್ನೆಲ್ಲ ಆಟೋದಲ್ಲಿ ಕರೆತಂದಿದ್ದ. ನನ್ನನ್ನು ಮಗ್ಗುಲಲ್ಲೇ ಕೂರಿಸಿಕೊಂಡ. ಕೊನೆಯ ಕುಸ್ತಿ ಶುರುವಾಯಿತು. ಥಿಯೇಟರ್ ತುಂಬ ಸಿಳ್ಳೆ, ಕೇಕೆ. ಅವನು ನನ್ನ ಕಡೆ ಬಾಗಿದ.

"ನಂದು ಯಾವಾಗ ಬರ್ತೈತಿ ನೀಲವ್ವ?"

ಆಗಲಾದರೂ ಹೇಳಬಹುದಿತ್ತು.

"ಬಂತಲ್ಲ ಮಾವ. ಪಿಟೀಲಿನ ಕೆಳಗ ಐತಿ ನೋಡು, ಕಿವಿಗೊಟ್ಟು ಕೇಳು."

ಸನಾಯಿ ಯಾವುದರ ಕೆಳಗೂ ಅಡಗುವ ವಾದ್ಯವಲ್ಲ. ಮದುವೆಯ ಗದ್ದಲವನ್ನೆಲ್ಲ ಸೀಳಿಕೊಂಡು ಊರಾಚೆಗೆ ಕೇಳಿಸುತ್ತದೆ. ಅದು ಅವನಿಗೆ ಗೊತ್ತಿಲ್ಲವೇ? ಆದರೂ ಕಣ್ಣು ಮುಚ್ಚಿಕೊಂಡ. ಬಹಳ ಹೊತ್ತು ಕೇಳಿದ. "ಹೌದು... ಐತಿ, ಐತಿ" ಎಂದ. ಅವನು ನಂಬಿದ್ದು ತನ್ನ ಕಿವಿಯನ್ನಲ್ಲ, ನನ್ನನ್ನು.

ಆಮೇಲೆ ವರ್ಷಗಳು ಕಳೆದವು. ಆ ಚಿತ್ರದಿಂದ ನನಗೆ ಹೆಸರು ಬಂತು. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ — ಕೆಲಸ ಎಂದು ಹೇಳಿಕೊಂಡು. ಈ ಸಲ ಹೋದಾಗ ನನ್ನ ಮಗಳ ಮದುವೆಗೆ ನೀನೇ ಊದಬೇಕು ಮಾವ ಎಂದೆ. ಅವನು ನಕ್ಕು ಎದ್ದುಹೋದ. ಅತ್ತೆ ದನಿ ತಗ್ಗಿಸಿ ಹೇಳಿದಳು:

"ಸನಾಯಿ ಬಿಟ್ಟು ಭಾಳ ವರ್ಸ ಆತವ್ವ. ಆ ಸಿನಿಮಾ ನೋಡಿ ಬಂದ ದಿನಾನ ಬಿಟ್ರು. ಮಾತು ಕೇಳ್ತೈತಿ, ಸುರ ಕೇಳವಲ್ದು, ನೀಲವ್ವಗ ಕೇಳಿಸ್ತು, ನನ್ನ ಸನಾಯಿನ ನನಗ ಕೇಳಲಿಲ್ಲ ಅಂದ್ರು. ಸುರ ಗೊತ್ತಾಗದಾಂವ ಮಂದಿ ಮದುವ್ಯಾಗ ಹೆಂಗ ಊದ್ಲಿ ಅಂದ್ರು. ಯಾರಿಗೂ ಹೇಳಬ್ಯಾಡ ಅಂದಾರ."

ಎದ್ದು ಹಿತ್ತಲಿಗೆ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ನಿರ್ದೇಶಕರು ಕೇಳಿದ್ದು, ನಾನು ಬೇಡ ಎಂದದ್ದು, ಥಿಯೇಟರಿನ ಸುಳ್ಳು.

ಅವನು ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡ.

"ಅಂದ್ರ ನನ್ನ ಕಿವಿ ಚಲೋ ಅದಾವು?"

"ಚಲೋ ಅದಾವು ಮಾವ."

ಅವನ ಮುಖ ಅರಳಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ನಗುವನ್ನು... ಮುಂದಿನ ಹಲ್ಲುಗಳು ಉದುರಿಹೋಗಿದ್ದವು, ಹಲ್ಲಿಲ್ಲದ ಬಾಯಲ್ಲಿ ಸನಾಯಿಯ ಪೀಪಿ ನಿಲ್ಲುವುದಿಲ್ಲ. ಅವನಿಗೂ ಅದೇ ನೆನಪಾಯಿತೇನೋ, ತುಟಿಯ ಮೇಲೆ ಬೆರಳಿಟ್ಟುಕೊಂಡ.

"ಹಲ್ಲು ಇದ್ದಾಗ ಹೇಳಬೇಕಿತ್ತು ನೀಲವ್ವ" ಎಂದ.

ಅಷ್ಟೇ. ಆ ಹೊತ್ತಿಗೆ ಅತ್ತೆ ಚಹಾ ತಂದಳು. "ನನ್ನ ಕಿವಿ ಚಲೋ ಅದಾವಂತ" ಎಂದು ಅವಳಿಗೆ ಹೇಳಿ ಬೇರೆ ಮಾತೆತ್ತಿದ. ನನ್ನ ಹೆಸರು ಬಾರದಂತೆ ಅಲ್ಲಿಗೇ ಮುಚ್ಚಿಬಿಡುವುದಿತ್ತು ಅವನಿಗೆ. ನಾನು ಬಿಡಲಿಲ್ಲ. ಅತ್ತೆಗೂ ಮೊದಲಿನಿಂದ ಹೇಳಿದೆ, ಇಲ್ಲಿ ಹೇಳಿದ ಹಾಗೆಯೇ. ಆಕೆ ಲೋಟವನ್ನು ನನ್ನ ಕಡೆ ಚಾಚಿದಳು. ಅದನ್ನು ತೆಗೆದುಕೊಳ್ಳಲು ನನಗೆ ಕೈ ಬರಲಿಲ್ಲ.