ದೀಪಕ್ಕೆ ಟೊಪ್ಪಿಗೆ ತೊಡಿಸುವ ಖಾದರಸಾಬರು

ಸವಣೂರಿನ ವೀಳ್ಯದೆಲೆ ಶೆಡ್ಡಿಗೆ ಇನ್ನೂ ಬೆಳಗಾಗಿಲ್ಲ. ದೀಪ ಸರಿ ಮಾಡಲು ಬಂದ ಖಾದರಸಾಬರು ದೀಪವನ್ನು ಕತ್ತೆತ್ತಿಯೂ ನೋಡುವುದಿಲ್ಲ. ಎಲೆ ಆರಿಸುವ ಸಿದ್ದವ್ವನನ್ನು ಜಾಗದಿಂದ ಎಬ್ಬಿಸಿ, ಆಕೆಯ ಗೋಣಿತಟ್ಟಿನ ಮೇಲೆ ತಾವೇ ಕುಳಿತು, ಒದ್ದೆ ಎಲೆಯೊಂದನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಎಲೆಯ ನಟ್ಟನಡುವೆ ಎಲ್‌ಇಡಿ ದೀಪದ ಬಿಂಬ ಬೆಳ್ಳಗೆ ಹೊಳೆಯುತ್ತದೆ. ಅದರಡಿಯ ರೋಗದ ಚುಕ್ಕೆ ಕಾಣುವುದಿಲ್ಲ.

ಚುಕ್ಕೆ ಎಲೆ ಸೇರಿದ ಕಟ್ಟುಗಳು ಪೇಟೆಯಿಂದ ವಾಪಸು ಬಂದಾಗ ಮಾಲೀಕ ಗುದ್ಲೆಪ್ಪ ಇನ್ನೂ ದೊಡ್ಡ ದೀಪ ತಂದು ಸಿದ್ದವ್ವನ ಕಣ್ಣೆದುರಿಗೇ ತೂಗುಹಾಕಿದ. ಇನ್ನೂ ಹೆಚ್ಚು ಕಟ್ಟು ವಾಪಸು ಬಂದವು. ಖಾದರಸಾಬರನ್ನು ಬಿಟ್ಟರೆ ದೀಪದ ಮೇಲೆ ಯಾರಿಗೂ ಅನುಮಾನವಿಲ್ಲ, ಆಕೆಯ ಕಣ್ಣಿನ ಮೇಲೇ ಎಲ್ಲರಿಗೂ. ಈ ವಾರವೂ ಹೀಗೇ ಆದರೆ ಆರಿಸುವುದು ಬಿಟ್ಟು ಬುಟ್ಟಿ ಹೊರಲಿ ಎಂದು ಗುದ್ಲೆಪ್ಪ ಹೇಳಿಯಾಗಿದೆ.

ಖಾದರಸಾಬರು ಮೂಲತಃ ಕಲಾಯಿಯವರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ತಾಮ್ರದ ಪಾತ್ರೆಗಳಿಗೆ ತವರ ಬಳಿದು ಹೊಳಪು ಕೊಟ್ಟವರು. ಸ್ಟೀಲು ಬಂತು, ಆ ಕೆಲಸ ಹೋಯಿತು. ಈಗ ಎಣ್ಣೆ ಡಬ್ಬಿ ಕತ್ತರಿಸಿ, ದರ್ಜಿಗಳ, ಮೋಟಾರು ರಿಪೇರಿಯವರ ದೀಪಗಳಿಗೆ ಬೆಳಕು ಕಣ್ಣಿಗೆ ಹೊಡೆಯದಂತೆ ತಗಡಿನ ಮರೆ ಮಾಡಿಕೊಡುತ್ತಾರೆ. ವಾರಕ್ಕೆ ಮೂರು ನಾಲ್ಕು ಸಿಕ್ಕರೆ ಒಳ್ಳೆಯ ವಾರ.

ಇಲ್ಲಿಗೆ ತಂದ ಮೊದಲ ಮರೆ ಮಾತ್ರ ಕೆಟ್ಟಿತು. ಹಳೆಯ ಚಟ; ಒಳಗೆಲ್ಲ ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದರು. ಒಂದಿದ್ದ ದೀಪ ಎರಡಾಯಿತು. “ಕೈ ಮಾತ ಕೇಳಂಗಿಲ್ರಿ, ತಗಡ ಕಂಡ್ರ ಉಜ್ಜತೈತಿ” ಎನ್ನುತ್ತಾರೆ, ಬೇರೆ ಯಾರದೋ ಕೈಯನ್ನು ದೂರುವವರಂತೆ.

ಇವತ್ತು ಒಳಗೆ ಸುಣ್ಣ ಬಳಿದು ತಂದಿದ್ದಾರೆ. ದೀಪವನ್ನು ಆಕೆಯ ಎಡಕ್ಕೆ ಸರಿಸಿ ಮರೆ ಸಿಕ್ಕಿಸುತ್ತಾರೆ.

“ಬೆಳಕ ಸಾಲವಲ್ದಂತ ನಾ ದೀಪ ತಂದ್ರ, ನೀವು ಅದಕ್ಕ ಟೊಪಗಿ ಹಾಕಾಕತ್ತೀರಲ್ರಿ ಸಾಬರ” ಎಂದು ಗುದ್ಲೆಪ್ಪನ ಗೊಣಗಾಟ. ಮೇಲಾಗಿ ಸುಣ್ಣ ಉದುರಿ ಎಲೆ ಹಾಳಾದೀತೆಂಬ ಚಿಂತೆ.

“ಉದರ್ಲಿ ಬಿಡ್ರಿ, ಎಲಿಗೆ ಸುಣ್ಣ ಹೊಸಾದೇನು?” ಎನ್ನುತ್ತಾಳೆ ಸಿದ್ದವ್ವ.

ಮತ್ತೆ ತನ್ನ ಜಾಗದಲ್ಲಿ ಕುಳಿತವಳು ಮೊದಲು ಬಿಚ್ಚುವುದು ಗುದ್ಲೆಪ್ಪ ಇದೇ ದೀಪದಡಿ ತಾನೇ ನೋಡಿ ಕಟ್ಟಿದ ಕಟ್ಟನ್ನು. ಚುಕ್ಕೆಯ ಎಲೆಯೊಂದನ್ನು ತೆಗೆದು ಪಕ್ಕದಲ್ಲೇ ಕುಳಿತ ಅವನ ಮೊಣಕಾಲ ಮೇಲಿಡುತ್ತಾಳೆ. ಆಮೇಲೆ ಇನ್ನೊಂದು. ಮೂರನೆಯದು ಬೀಳುವ ಹೊತ್ತಿಗೆ ಗುದ್ಲೆಪ್ಪ ಎದ್ದು, ಆಕೆಗೆಂದು ಇಟ್ಟಿದ್ದ ಬುಟ್ಟಿಯನ್ನು ತಾನೇ ಹೊತ್ತು ಹೊರಗೆ ನಡೆಯುತ್ತಾನೆ.

ಖಾದರಸಾಬರು ಕತ್ತರಿಯನ್ನು ಚೀಲದೊಳಗೆ ಇಟ್ಟುಕೊಳ್ಳುತ್ತಾರೆ. ಶೆಡ್ಡಿನಲ್ಲಿ ಯಾರೂ ದೀಪದತ್ತ ನೋಡುತ್ತಿಲ್ಲ.

“ಭಾಂಡೆಕ್ಕ ಕಲಾಯಿ ಮಾಡಿ ಕೊಟ್ರ ಮಂದಿ ಅದರಾಗ ಮಾರಿ ನೋಡ್ಕೊಂಡು ಶಾಭಾಶ್ ಅಂತಿದ್ರು. ಇದನ್ನ ಯಾರೂ ನೋಡಂಗಿಲ್ರಿ” ಎನ್ನುತ್ತಾರೆ. “ನೋಡಲಿಲ್ಲಂದ್ರ, ಚಲೋ ಆಗೇತಿ ಅಂತ ತಿಳ್ಕೊಂಡು ಮನಿಗೆ ಹೋಗ್ತೇನಿ.”