ಟೊಪ್ಪಿಗೆಯೊಳಗಿನ ಲಿಂಗ

ಅವ್ವನಿಗೆ ಮೊದಲ ಸಲ ಎದೆ ಹೊಡೆದುಕೊಂಡದ್ದು ಕೋಗಿಲಬನದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಬುತ್ತಿ ಬಿಚ್ಚುವ ಹೊತ್ತಿಗೆ. ಅಪ್ಪನ ಪ್ರಕಾರ ಅದು ಮುಂಡಗೋಡದ ಬಸ್ ಸ್ಟ್ಯಾಂಡಿನಲ್ಲಿ. ಅವ್ವನನ್ನೇ ಕೇಳಿದರೆ, "ಎಲ್ಲೆರ ಆಗ್ಲಿ, ನಿಮ್ಮಪ್ಪ ಬಾಜೂಕಿದ್ರು" ಎನ್ನುತ್ತಾಳೆ. ನಾನು ನದಿಯನ್ನೇ ಆರಿಸಿಕೊಂಡಿದ್ದೇನೆ. ಹೇಳುವುದಕ್ಕೆ ಅದು ಚೆಂದವಾಗಿದೆ ಎಂಬ ಕಾರಣಕ್ಕೇ ಅದರ ಮೇಲೆ ನನಗೆ ಸಂಶಯವೂ ಇದೆ.

ಆಮೇಲೆ ಆಗಾಗ ಹೀಗೇ: ಒಮ್ಮೆಲೇ ಬೆವರು, ಬಿಳಿಚಿಕೊಂಡ ಮುಖ, ಆಕಾಶಕ್ಕೇರಿದ ಬಿ.ಪಿ. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ದಾಂಡೇಲಿಯ ನಮ್ಮ ಓಣಿಯವರು ಇದಕ್ಕೆಲ್ಲ ಅಪ್ಪನೇ ಕಾರಣ ಎಂದು ತೀರ್ಮಾನಿಸಿದ್ದರು. ಕಾಗದದ ಗಿರಣಿಯಿಂದ ನಿವೃತ್ತನಾದ ಮೇಲೆ ಅಪ್ಪ ಅಡಿಗೆಮನೆಯ ಮೇಲ್ವಿಚಾರಣೆ ವಹಿಸಿಕೊಂಡಿದ್ದ. ಕೊನೆಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಎಡ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಹೆದರಿದಾಗ, ಸಿಟ್ಟು ಬಂದಾಗ ಮೈಯಲ್ಲಿ ಹರಿಯಬೇಕಾದ ರಸವನ್ನು ಅದು ಕಾರಣವಿಲ್ಲದೆ ಸುರಿಯುತ್ತಿತ್ತು.

ಅಪ್ಪನ ಮುಖ ಅರಳಿತು. "ನೋಡು, ನನ್ನ ತಪ್ಪಲ್ಲಂತ ಫೋಟೋದೊಳಗ ಬಂತು!"

ಗಂಟನ್ನು ಗ್ರಂಥಿಯ ಸಮೇತ ತೆಗೆಯಬೇಕು, ಬಿಟ್ಟರೆ ಎಂದಾದರೊಂದು ದಿನ ತಲೆಯಲ್ಲಿ ರಕ್ತನಾಳ ಒಡೆಯಬಹುದು ಎಂದರು ಸರ್ಜನ್. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ತೂತುಗಳು ಸಾಕು ಎಂದು ಬೆರಳಿನ ತುದಿ ತೋರಿಸಿದರು.

ಹಳಿಯಾಳದಲ್ಲಿ ತವರಿನವರ ಕಿರಾಣಿ ಅಂಗಡಿಯಲ್ಲಿ ಬೆಳೆದ ಅವ್ವ ಬಿಡಲಿಲ್ಲ. "ಗಂಟು ಲಿಂಬಿಹಣ್ಣಿನಷ್ಟು. ತೂತು ಕಡ್ಲಿಕಾಳಿನಷ್ಟು. ಹೊರಗ ಹೆಂಗ ಬರತೈತ್ರಿ?"

"ಒಳಗ ಒಂದು ಸಣ್ಣ ಚೀಲದಾಗ ತುಂಬ್ತೇವ್ರಿ."

"ಚೀಲಾ ತುಂಬಿದ ಮ್ಯಾಲೆ ಇನ್ನೂ ದಪ್ಪ ಆತಲ್ರಿ?"

ಒಂದು ತೂತನ್ನು ಚೂರು ಅಗಲ ಮಾಡುತ್ತೇವೆಂದು ಸರ್ಜನ್ ಒಪ್ಪಿಕೊಳ್ಳಬೇಕಾಯಿತು.

ಆಪರೇಷನ್ನಿನ ಹಿಂದಿನ ಸಂಜೆ ನರ್ಸ್ ಬಂದು ಮೈಮೇಲಿನ ಒಡವೆಗಳನ್ನು ತೆಗೆಯಲು ಹೇಳಿದಳು. ಬಳೆ, ಮೂಗುತಿ, ಕಾಲುಂಗುರ, ಎಲ್ಲವೂ ಸಲೀಸಾಗಿ ಬಂದವು. ತಾಳಿಯನ್ನು ಅಪ್ಪನ ಅಂಗೈಯಲ್ಲಿ ಹಾಕಿ, "ತಗೋರಿ, ನಿಮ್ದು" ಎಂದಳು. ಕೊರಳಲ್ಲಿ ಉಳಿದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತೊಟ್ಟಿಲಲ್ಲಿದ್ದಾಗ ಅಯ್ಯನವರು ಕಟ್ಟಿದ್ದು. ನಮ್ಮನ್ನು ಹೆರುವಾಗಲೂ ಅವಳ ಮೈಬಿಟ್ಟು ಇಳಿದಿರಲಿಲ್ಲ.

"ಇದೂ ತಗೀರಿ, ಅಮ್ಮಾರ."

"ಅದು ಬರೂದಿಲ್ಲವ್ವಾ."

"ದಾರ ಬಿಗಿ ಆಗೇತೇನ್ರಿ?"

"ಸಡ್ಲ ಐತಿ. ಆದ್ರೂ ಬರೂದಿಲ್ಲ."

"ಆಪರೇಷನ್ ಆದಮ್ಯಾಲೆ ತಿರುಗಿ ಕೊಡ್ತೇವ್ರಿ."

"ಇದನ್ನ ತಗದ ಮ್ಯಾಲೆ ನೀವು ಉಳಸೂದು ಯಾರನ್ನ?" ಎಂದು ಅವ್ವ ಮಂಚದ ಕೆಳಗಿನ ಚಪ್ಪಲಿ ಮೆಟ್ಟಿಕೊಂಡಳು. "ದಾಂಡೇಲಿ ಬಸ್ ಇನ್ನೂ ಇರಬೇಕು. ನಡೀರಿ, ಹೋಗೂಣು."

ಅದು ಬೆದರಿಕೆಯಾಗಿರಲಿಲ್ಲ. ಅವ್ವ ಹೊರಟೇಬಿಡುತ್ತಾಳೆಂದು ನಮಗೆ ಗೊತ್ತಿತ್ತು. ಹೋದರೆ ಏನಾಗಬಹುದು ಎಂಬುದೂ ಗೊತ್ತಿತ್ತು.

ಸರ್ಜನ್ ಬಂದರು. ಒಳಗೆ ಕರೆಂಟಿನಿಂದ ಕೊಯ್ಯುತ್ತೇವೆ, ಲೋಹವಿದ್ದರೆ ಮೈ ಸುಟ್ಟೀತು ಎಂದರು. ಬೆಳ್ಳಿ ಬೇಡವಾದರೆ ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಳ್ಳುತ್ತೇನೆ ಎಂದಳು ಅವ್ವ. ಸರಿ, ಎಲ್ಲಿ? ಕೊರಳಲ್ಲಿ ಬೇಡ, ಅಲ್ಲಿ ಉಸಿರಿನ ಕೊಳವೆಗೆ ಅಡ್ಡಿ ಎಂದರು ಅರಿವಳಿಕೆಯ ಡಾಕ್ಟರಮ್ಮ. ಎದೆಯ ಮೇಲೆ ತಂತಿಗಳು. ಒಂದು ಕೈಗೆ ಸಲೈನು, ಇನ್ನೊಂದಕ್ಕೆ ಬಿ.ಪಿ. ಪಟ್ಟಿ. ಬಲಮಗ್ಗುಲಿಗೆ ಮಲಗಿಸುವುದರಿಂದ ಆ ಕಂಕುಳೂ ಇಲ್ಲ. ಎಡಮಗ್ಗುಲು ಪೂರ್ತಿ ಸರ್ಜನ್ನರದು. ಇದುವರೆಗೆ ಸುಮ್ಮನಿದ್ದ ಡ್ಯೂಟಿ ಡಾಕ್ಟರು ಉತ್ಸಾಹದಿಂದ, "ಕಾಲಿಗೆ ಕಟ್ಟೋಣ್ರಿ?" ಎಂದುಬಿಟ್ಟರು.

ಅವ್ವ ಕರಡಿಗೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಹೊಕ್ಕಳದ ಕೆಳಗ ಲಿಂಗ ಇಳಿಯಂಗಿಲ್ರಿ," ಎಂದ ಅಪ್ಪ ಮೆಲ್ಲಗೆ, ಹಾವು ಕಂಡವನಂತೆ.

ತಲೆ ಎಂದು ಮೊದಲು ಹೇಳಿದವರು ಯಾರು? ಹಿಂದಿನ ಶರಣರು ತಲೆಯ ಮೇಲೂ ಧರಿಸುತ್ತಿದ್ದರೆಂದು ತಾನೇ ನೆನಪಿಸಿದೆನೆಂದು ಅಪ್ಪ ಹೇಳುತ್ತಾನೆ. ಅವ್ವ ಅದು ತನ್ನ ಮಾತೆನ್ನುತ್ತಾಳೆ. ನನ್ನ ಕಿವಿಯಲ್ಲಿರುವುದು ಡಾಕ್ಟರಮ್ಮನ ದನಿ: "ಹೆಂಗೂ ತಲಿಗೆ ಟೊಪಗಿ ಹಾಕ್ತೇವಲ್ರಿ." ಮೂವರೂ ಪ್ರಮಾಣ ಮಾಡಲು ತಯಾರು. ಮಾರನೆಯ ಬೆಳಿಗ್ಗೆ ಲಿಂಗ ಬಿಳಿ ಅರಿವೆಯೊಳಗೆ ನೆತ್ತಿಯ ಮೇಲೆ ಕೂತಿತು, ಮೇಲೆ ಆಸ್ಪತ್ರೆಯ ಹಸಿರು ಟೊಪ್ಪಿಗೆ ಬಂತು ಎಂಬುದರಲ್ಲಿ ಮಾತ್ರ ತಕರಾರಿಲ್ಲ.

ಒಳಗೆ ಒಯ್ಯುವಾಗ ಅವ್ವ ನನ್ನನ್ನು ನೋಡಿ ನಕ್ಕಳೆಂದು ಬರೆದು, ಹೊಡೆದುಹಾಕಿದೆ. ನಗಲಿಲ್ಲ. ಕನ್ನಡಕ ತೆಗೆದಿದ್ದರಿಂದ ನಾನು ಯಾರೆಂದು ಗುರುತಿಸಿರಲಿಕ್ಕೂ ಇಲ್ಲ.

ಹೊರಗೆ ಅಪ್ಪ ತನ್ನ ಕರಡಿಗೆಯ ಪಕ್ಕದಲ್ಲಿ ಅವ್ವನದನ್ನೂ ಹಾಕಿಕೊಂಡು, ಜೋಡು ಹೊರೆಯವನಂತೆ ಅಡ್ಡಾಡುತ್ತಿದ್ದ. ಹಳಿಯಾಳದಿಂದ ಬಂದ ಸೋದರಮಾವ ಅವ್ವನ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅತ್ತ.

"ಅದು ಖಾಲಿ ಐತಿ ಅಂತ ಹೇಳಬೇಕಿಲ್ಲೋ, ಅಪ್ಪಾ?" ಎಂದೆ, ಮಾವ ಆಚೆ ಸರಿದ ಮೇಲೆ.

"ಅಳಾಕತ್ತಾಗ ಹೆಂಗ ಹೇಳಲಿ?"

ಗಂಟು ಚೀಲದಲ್ಲಿ ಕೂತು ಸುಖವಾಗಿ ಹೊರಗೆ ಬಂತು. ಮಧ್ಯದಲ್ಲಿ ಬಿ.ಪಿ. ಒಮ್ಮೆ ಕುಣಿಯಿತಂತೆ, ಆಮೇಲೆ ಇಳಿಯಿತಂತೆ. ಎಚ್ಚರವಾದ ಅವ್ವ ಹೊಟ್ಟೆ ಮುಟ್ಟಿಕೊಳ್ಳಲಿಲ್ಲ. ಸಲೈನಿನ ಕೈಯನ್ನೇ ಎತ್ತಿ ನೆತ್ತಿ ತಡವಿದಳು. ಲಿಂಗ ಕಟ್ಟಿದ ಅರಿವೆ ಅಲ್ಲೇ ಇತ್ತು. ಮತ್ತೆ ಕಣ್ಣು ಮುಚ್ಚಿದಳು. ನಾನು ಗೋಡೆಗೆ ಒರಗಿದೆ.

ಸಂಜೆಯ ಹೊತ್ತಿಗೆ ದನಿ ಬಂತು. "ನೀರು ಕೊಡ್ರಿ."

"ಇನ್ನೂ ಕೊಡಂಗಿಲ್ರಿ, ಅಮ್ಮಾರ," ಎಂದಳು ನರ್ಸ್.

"ನನಗಲ್ಲವ್ವಾ. ಲಿಂಗಕ್ಕ. ಪೂಜಿ ಆಗಿಲ್ಲ."

ನರ್ಸ್ ಲೋಟ ತಂದಳು. ಕೊಡುವ ಮೊದಲು ಕೈ ಹಿಂದಕ್ಕೆಳೆದಳು. "ಪೂಜಿ ಮಾಡಿದ ನೀರು ಆಮ್ಯಾಲೆ ಏನ್ ಮಾಡ್ತೀರಿ?"

ಲಿಂಗ ಆಗಲೇ ಅಂಗೈಯಲ್ಲಿತ್ತು. ಅದನ್ನು ಹಿಡಿದು ಸುಳ್ಳಾಡುವ ಪದ್ಧತಿ ನಮ್ಮಲ್ಲಿಲ್ಲ. "ತೀರ್ಥಾಂತ ಕುಡೀತೇವಿ," ಎಂದಳು ಅವ್ವ, ಸಿಕ್ಕಿಬಿದ್ದವಳಂತೆ.

ನರ್ಸ್ ಹೋಗಿ ಡಾಕ್ಟರಮ್ಮನನ್ನು ಕೇಳಿ ಬಂದಳು. ಕೈಯಲ್ಲಿ ಒಂದು ಚಮಚ ನೀರಿತ್ತು.

ಅವ್ವ ಚಮಚವನ್ನೂ ಅಂಗೈಯನ್ನೂ ನೋಡಿದಳು. "ಇಷ್ಟರಾಗ ಇವನ ಜಳಕ ಹೆಂಗ ಆದೀತು?"

"ಅವನೂ ನಿನ್ನ ಕೂಡ ಒಳಗ ಹೋಗಿ ಬಂದಾನಲ್ಲ," ಎಂದ ಅಪ್ಪ ಬಾಗಿಲಿನಿಂದಲೇ. "ಇವತ್ತೊಂದಿನ ಅವಗೂ ಪಥ್ಯ."

"ನಗಸಬ್ಯಾಡ್ರಿ," ಎಂದಳು ಅವ್ವ, ಮಗ್ಗುಲು ಹಿಡಿದುಕೊಂಡು. "ಹೊಲಿಗಿ ಎಳೀತಾವ."