ಅವಳಿಗೊಂದು ಬೇರೆ ಎಲೆ

ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನನ್ನ ಹೆಂಡತಿ ಊಟ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಮಳವಳ್ಳಿಯ ನಮ್ಮ ಮನೆಯಲ್ಲಿ ಅದರಲ್ಲಿ ವಿಶೇಷವೇನೂ ಇರಲಿಲ್ಲ. ನಾನು ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ಅಮ್ಮ, ನಾನು, ಅವಳು, ಮೂವರೇ. ಅಮ್ಮ ನನಗೆ ಬಡಿಸುತ್ತಿದ್ದಳು. ನಾನು ಉಂಡು ಕೈತೊಳೆಯಲು ಎದ್ದ ಮೇಲೆ ಅದೇ ಎಲೆಯನ್ನು ನನ್ನ ಹೆಂಡತಿ ಅಡುಗೆಮನೆಗೆ ಒಯ್ದು, ಅದರ ಮುಂದೆ ಕೂರುತ್ತಿದ್ದಳು. ಗಂಡನ ಎಲೆಯಲ್ಲಿ ಉಣ್ಣುವುದು ಹೆಂಡತಿಯ ನಡವಳಿಕೆ. ಅವಳಿಗೆಂದು ಎಲೆಯಲ್ಲಿ ಒಂದಿಷ್ಟು ಬಿಟ್ಟು ಏಳುವುದು ಗಂಡನ ಪ್ರೀತಿ. ನಾನು ಆ ಪ್ರೀತಿಯನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಹೊಸತು. ಶಾಲೆಯ ಕೆಲಸದ ಮೇಲೆ ಒಮ್ಮೆ ಅಲ್ಲಿಗೆ ಹೋದವನು ಸ್ಟೇಷನ್ನಿನ ಹತ್ತಿರದ ಒಂದು ಬ್ರಾಹ್ಮಣರ ಹೋಟೆಲಿನಲ್ಲಿ ಊಟ ಮಾಡಿ ಬಂದಿದ್ದೆ. ಉಡುಪಿಯ ಕಡೆಯವರು ನಡೆಸುತ್ತಿದ್ದ ಹೋಟೆಲು. ಅಲ್ಲಿನ ತಿಳಿಸಾರು, ಬಿಸಿ ಅನ್ನ, ತುಪ್ಪ ಹಾಕಿದ ಒಬ್ಬಟ್ಟು! ಆ ಊಟ ಬಹಳ ದಿನ ನನ್ನ ಬಾಯಲ್ಲೇ ಇತ್ತು. ಅವಳನ್ನೂ ಅಲ್ಲಿಗೆ ಕರೆದೊಯ್ಯಬೇಕು, ನನ್ನೆದುರು ಕೂರಿಸಿ ಹೊಟ್ಟೆ ತುಂಬ ಉಣ್ಣಿಸಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು ಎಂಬ ಆಸೆ ಹತ್ತಿತು. ಅಮ್ಮನೆದುರು ಹೋಟೆಲಿನ ಮಾತೆತ್ತುವ ಧೈರ್ಯ ಮಾತ್ರ ಇರಲಿಲ್ಲ. ರಜೆ ಬಂದಾಗ, "ಕಾರ್ಖಾನೆ ನೋಡಿಕೊಂಡು ಬರ್ತೀವಮ್ಮ" ಎಂದೆ. ಅಮ್ಮ ರಾತ್ರಿಗೆಂದು ಅವಲಕ್ಕಿ ಕಟ್ಟಿಕೊಟ್ಟಳು.

ಬಸ್ಸಿನಲ್ಲಿ ಮದ್ದೂರಿಗೆ ಬಂದು ರೈಲಿಗೆ ಕಾಯುವಾಗ ಎರಡು ವಡೆ ಕೊಂಡು ಒಂದನ್ನು ಅವಳ ಕೈಗಿಟ್ಟೆ. "ನೀವು ತಿನ್ನಿ, ನಾನು ಆಮೇಲೆ" ಎಂದು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ರೈಲು ಹೊರಟ ಮೇಲೆ ನಾನು ಒಂದು ಗಳಿಗೆ ಕಿಟಕಿಯ ಆಚೆ ನೋಡುತ್ತಿದ್ದೆ. ಈ ಕಡೆ ತಿರುಗುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚಿತ್ತು, ವಡೆ ಇರಲಿಲ್ಲ. ಅವಳು ಏನೂ ಅರಿಯದವಳ ಹಾಗೆ ಕೂತಿದ್ದಳು. ಮಧ್ಯಾಹ್ನ ಹೋಟೆಲಿನಲ್ಲಿ ಹೇಗೆ ತಪ್ಪಿಸಿಕೊಳ್ಳುತ್ತಾಳೋ ನೋಡೋಣ ಎಂದುಕೊಂಡೆ.

ಮಂಡ್ಯ ಅವಳಿಗೆ ಬಹಳ ಹಿಡಿಸಿತು. ಕಾರ್ಖಾನೆಯ ಚಿಮಣಿಯನ್ನು ಕತ್ತೆತ್ತಿ ನೋಡಿದವಳು ಕತ್ತು ಇಳಿಸಲೇ ಇಲ್ಲ. ಕೊತ್ತತ್ತಿ, ಕೆರಗೋಡಿನ ಕಡೆಯಿಂದ ಬಂದ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಗಾಳಿಯೆಲ್ಲ ಬೆಲ್ಲದ ಪಾಕದ ವಾಸನೆ. "ಇಷ್ಟು ಸಕ್ಕರೇನ ಯಾರು ತಿಂತಾರೋ! ಪುಣ್ಯವಂತರು" ಎಂದಳು. ಆ ಮಾತಿನಲ್ಲಿದ್ದ ಆಸೆ ಪಾಠ ಹೇಳುವ ಮೇಷ್ಟ್ರಿಗೆ ತಿಳಿಯಲಿಲ್ಲ. ಕಬ್ಬಿನಿಂದ ಸಕ್ಕರೆ ಹೇಗಾಗುತ್ತದೆಂದು ನಾನು ವಿವರಿಸಲು ಹೊರಟೆ.

ಹೋಟೆಲಿನಲ್ಲಿ ಹೆಂಗಸರಿಗೆಂದು ತಟ್ಟಿ ಅಡ್ಡ ಇಟ್ಟ ಒಂದು ಮೂಲೆಯಿತ್ತು. ಅಲ್ಲಿ ನಾವಿಬ್ಬರೇ. ಬಡಿಸುವವರು ಬಂದು, "ಎರಡು ಎಲೆ ಅಲ್ವಾ?" ಎಂದು ಕೇಳಿದರು.

"ಒಂದೇ ಸಾಕು ಅನ್ನಿ" ಎಂದು ಅವಳು ಪಿಸುಗುಟ್ಟಿದಳು.

"ಇಲ್ಲಿ ಹಾಗಲ್ಲ ಕಣೆ. ಇಬ್ಬರೂ ಒಟ್ಟಿಗೆ ಕೂತು ಉಣ್ಣಬಹುದು."

"ನಿಮ್ಮ ಎದುರಿಗೆ ಕೂತು ಉಣ್ಣಲೇ? ನನ್ನ ಕೈಲಾಗದು. ನಿಮ್ಮದಾಗಲಿ, ಆಮೇಲೆ ನಾನು ಅದರಲ್ಲೇ ಉಣ್ತೀನಿ." ಅವಳ ಕಣ್ಣಲ್ಲಿ ನೀರೇ ಬರುವಂತಿತ್ತು. ಒಂದೇ ಎಲೆ ಹಾಕಿಸಿದೆ.

ಊಟ ಹಿಂದಿನ ಸಲಕ್ಕಿಂತ ಚೆನ್ನಾಗಿತ್ತು. ಪಲ್ಯ ಮಾತ್ರ ಹಾಗಲಕಾಯಿ. ಹಾಗಲಕಾಯಿ ನನಗೆ ಹುಟ್ಟಿದಾಗಿನಿಂದ ಸೇರದು. ಆದರೆ ಬಡಿಸಿದ್ದನ್ನು ಬೇಡವೆನ್ನುವುದು ನಮ್ಮ ಮನೆಯಲ್ಲಿ ಇಲ್ಲ. ಮದುವೆಯಾದ ಮೇಲೆ ನನ್ನ ಈ ಕಷ್ಟ ತಪ್ಪಿತ್ತು. ಹಾಗಲಕಾಯಿಯನ್ನು ಎಲೆಯ ಒಂದು ಬದಿಗೆ ಸರಿಸಿ, ಅವಳಿಗೆಂದು ಬಿಟ್ಟು ಏಳುತ್ತಿದ್ದೆ. ಅವಳು ಉಂಡೆದ್ದ ಎಲೆಯಲ್ಲಿ ಒಂದು ಚೂರೂ ಮಿಗುತ್ತಿರಲಿಲ್ಲವಂತೆ. "ನನ್ನ ಸೊಸೆಗೆ ಹಾಗಲಕಾಯಿ ಅಂದ್ರೆ ಪ್ರಾಣ" ಎಂದು ಅಮ್ಮ ಅದನ್ನು ವಾರಕ್ಕೆ ಎರಡು ಸಲ ಮಾಡತೊಡಗಿದಳು. ನಾನೂ ಹಾಗೇ ನಂಬಿದ್ದೆ. ಅಂದು ಹೋಟೆಲಿನಲ್ಲೂ ಪಲ್ಯವನ್ನು ಬದಿಗೆ ಸರಿಸಿ, ಸ್ವಲ್ಪ ಅನ್ನ ಉಳಿಸಿ, ಒಬ್ಬಟ್ಟನ್ನು ಪೂರಾ ತಿಂದು, ಕೈತೊಳೆಯಲು ಹೋದೆ. ನನ್ನ ಕೈಗೆ ನೀರು ಹಾಕಲು ಅವಳೂ ಬಂದು, ನನಗಿಂತ ಮುಂಚೆ ಒಳಗೆ ಹೋದಳು.

ತಿರುಗಿ ಬಂದರೆ ಎಲೆ ಇಲ್ಲ! ಆಗಲೇ ನೆಲ ಸಾರಿಸಿಯಾಗಿತ್ತು. ಕೂರಲೆಂದು ಬಗ್ಗಿದವಳು ಅರ್ಧಕ್ಕೇ ನಿಂತು ಬರಿನೆಲವನ್ನು ನೋಡುತ್ತಿದ್ದಳು. ಎಂಜಲೆಲೆ ಎತ್ತುವ ಮುದುಕಿ ಬಕೆಟ್ಟು ಹಿಡಿದು ಎದುರಿಗೆ ನಿಂತಿದ್ದಳು.

"ಅಯ್ಯೋ, ನಿಮ್ಮೋರು ಉಂಡು ಎದ್ಬುಟ್ರಲ್ಲಾ ಅಂತ ಎತ್ಬುಟ್ಟೆ ಕಣಮ್ಮ. ಅಸುವಿನ ಮುಂದಕ್ಕೆ ಆಕಾಯ್ತು. ಅದ್ರಾಗೆ ನೀನು ಉಣ್ಬೇಕಿತ್ತಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ರೇಗಲು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕಿಯೇ ನನ್ನ ಕಡೆ ತಿರುಗಿದಳು. "ನಿಮ್ಗೊಂದ್ ಎಲೆ ಆಕುಸ್ಕೊಂಡ್ರಲ್ಲಾ ಅಯ್ನೋರೆ, ಈ ಮಗೀಗೂ ಒಂದು ಆಕ್ಸಿದ್ರೆ ನಿಮ್ ಗಂಟೇನ್ ಓಯ್ತಿತ್ತು?"

ಬೆಳಗಿನಿಂದ ಒಂದು ವಡೆಯ ಮೇಲೆ ಊರೆಲ್ಲ ನಡೆದವಳು ಹಸಿದುಕೊಂಡು ನಿಂತಿದ್ದಳು. ಇನ್ನೊಂದು ಎಲೆ ಹಾಕಲು ಹೇಳಿ, ಅವಳು ಮಾತಾಡುವ ಮುಂಚೆಯೇ ಕೂರಿಸಿ, ಎದುರಿಗೆ ನಾನೂ ಕೂತೆ.

"ನೀವು ಆ ಕಡೆ ತಿರುಗಿ" ಎಂದಳು.

"ತಿರುಗಲ್ಲ" ಎಂದೆ.

ಒಂದಷ್ಟು ಹೊತ್ತು ಕೈ ಆಡಲಿಲ್ಲ. ಆಮೇಲೆ ಹಸಿವು ಗೆದ್ದಿತು. ಅವಳು ಉಣ್ಣುವುದನ್ನು ನೋಡಿ ನಾನು ಬೆರಗಾದೆ. ಏನು ಚೆಂದ ಉಣ್ಣುತ್ತಿದ್ದಳು! ಅಂಗೈಗೆ ಒಂದು ಅಗುಳು ತಾಗದ ಹಾಗೆ, ಬೆರಳ ತುದಿಯಲ್ಲೇ ಅನ್ನ ಕಲಸುತ್ತಿದ್ದಳು. ಸಾರನ್ನು ಬಾಯಿಗಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿ, "ಇಂಗು ಒಂಚೂರು ಮುಂದಾಗಿದೆ. ಆದ್ರೂ ಎಷ್ಟು ಚೆನ್ನಾಗಿದೆ!" ಎಂದಳು. ನಾನು ಎರಡು ಸಲ ಸುರಿದುಕೊಂಡು ಉಂಡ ಸಾರು. ಇಂಗಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಇಷ್ಟು ರುಚಿ ಬಲ್ಲವಳು ನಾಲ್ಕು ವರ್ಷ ನನ್ನ ಮನೆಯಲ್ಲಿದ್ದಳು, ನಾನು ಕಾಣದೆ ಹೋದೆನಲ್ಲ ಎನಿಸಿತು.

ಹಾಗಲಕಾಯಿ ಪಲ್ಯ ಬಂತು. ಅವಳು ಎಡಗೈಯನ್ನು ಎಲೆಗೆ ಅಡ್ಡ ಹಿಡಿದು, "ಬೇಡ" ಎಂದಳು.

ನಾಚಿಕೆಯೇನೋ ಎಂದುಕೊಂಡು ನಾನೇ ಉಪಚಾರ ಮಾಡಿದೆ. "ಹಾಕಿ, ಹಾಕಿ. ಅವಳಿಗೆ ಹಾಗಲಕಾಯಿ ಅಂದ್ರೆ ಪ್ರಾಣ."

"ಬೇಡವೇ ಬೇಡ" ಎಂದು ಅವಳು ಎಲೆಯ ಮೇಲೆ ಬಗ್ಗಿದಳು. ಒಬ್ಬಟ್ಟು ಬಂದಾಗ ಕೈ ಅಡ್ಡ ಬರಲಿಲ್ಲ. ಒಂದು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ನನ್ನ ಮುಖ ನೋಡಿ, ಹಾಕಿಸಿಕೊಂಡೇಬಿಟ್ಟಳು.

ಬಡಿಸುವವರು ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದೆ. "ನಿನಗೆ ಹಾಗಲಕಾಯಿ ಇಷ್ಟ ಇಲ್ವಾ?"

"ಚಿಕ್ಕಂದಿನಿಂದಲೂ ಸೇರಲ್ಲ. ನುಂಗೋಕೆ ಆಗಲ್ಲ."

"ಮತ್ತೆ ಇಷ್ಟು ದಿನ?"

"ನೀವು ನನಗೆ ಅಂತ ಬಿಟ್ಟಿರ್ತಿದ್ರಲ್ಲ" ಎಂದಳು.

ಆ ಮಾತಿನಲ್ಲಿ ಎಳ್ಳಷ್ಟೂ ದೂರಿರಲಿಲ್ಲ. ಬೆರಳಿಗಂಟಿದ ತುಪ್ಪವನ್ನು ಎಲೆಯ ಅಂಚಿಗೆ ಒರೆಸುತ್ತ ಸುಮ್ಮನೆ ಹೇಳಿದಳು. ನನಗೆ ಎಲ್ಲಿಗಾದರೂ ಎದ್ದು ಹೋಗೋಣ ಎನಿಸಿತು. ನಾನು ಪ್ರೀತಿಯೆಂದು ತೋರಿಸಿದ್ದೆಲ್ಲ ನನಗೆ ಬೇಡವಾದದ್ದು. ಅದನ್ನು ಅವಳು ನಿಜವಾಗಿಯೂ ಪ್ರೀತಿಯೆಂದೇ ತಿಳಿದು, ವಾರಕ್ಕೆ ಎರಡು ಸಲ, ಕಹಿಯನ್ನು ನುಂಗಿದ್ದಳು. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ ಎಂಬುದು ನನಗೆ ಗೊತ್ತಿತ್ತು. ಅವಳ ಎದುರು ಕೂತು ಅವಳ ಕೊನೆಯ ತುತ್ತಿನವರೆಗೂ ನೋಡಿದೆ. ಮುದುಕಿ ಬಂದು, "ಎತ್ಲಾ ತಾಯಿ? ಈ ಸಲ ಕೇಳ್ಬುಡ್ತೀನಪ್ಪ" ಎಂದಾಗ ಅವಳು ಬಾಯ್ತುಂಬ ನಕ್ಕಳು.

ರಾತ್ರಿ ಛತ್ರದಲ್ಲಿ ಅಮ್ಮನ ಅವಲಕ್ಕಿ ತಿಂದು ಮಲಗಿದ್ದು, ಮಾರನೆಯ ದಿನ ಮಳವಳ್ಳಿಗೆ ಮರಳಿದೆವು. ಅಮ್ಮ ಊಟಕ್ಕೆ ಕಾಯುತ್ತಿದ್ದಳು. ಸೊಸೆ ಊರಿಂದ ಬರುತ್ತಾಳೆಂದು ಅವಳಿಗಾಗಿಯೇ ಹಾಗಲಕಾಯಿ ಗೊಜ್ಜು ಮಾಡಿದ್ದಳು. ಜೊತೆಗೆ ಕೊಬ್ಬರಿ ಮಿಠಾಯಿ. ಎಲೆಯ ಮುಂದೆ ಕೂತವನು ಮೊದಲು ಗೊಜ್ಜಿಗೇ ಕೈಹಾಕಿದೆ. ಕಿವಿಯವರೆಗೆ ಕಹಿ ಏರಿತು. ಕಣ್ಣು ಬಿಗಿಯಾಗಿ ಮುಚ್ಚಿ ಎಲ್ಲವನ್ನೂ ತಿಂದು, ಮಿಠಾಯಿಗಳನ್ನು ಮಾತ್ರ ಮುಟ್ಟದೆ ಎಲೆಯ ಒಂದು ಬದಿಗೆ ಸರಿಸಿಟ್ಟೆ.

ಅಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ಇದೇನೋ ಇದು! ಪಾಪ, ಅವಳಿಗೆ ಅಂತ ಒಂದು ಹೋಳೂ ಬಿಡದೆ ತಿಂದುಬಿಟ್ಯಲ್ಲೋ. ಇರು, ಪಾತ್ರೇಲಿ ಇನ್ನೂ ಇದೆ, ಅವಳಿಗೆ ಎತ್ತಿಡ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳ ಮುಖ ನೋಡಿದೆ. ನಿನ್ನೆ ಒಬ್ಬಟ್ಟಿನ ಮುಂದೆ ಅರಳಿದ್ದ ಮುಖ ಆಗಲೇ ಬಾಡಿ, ಎಂದಿನಂತೆ ಸುಮ್ಮನಾಗಿತ್ತು.

"ಅದನ್ನೂ ನನಗೇ ಹಾಕಮ್ಮ" ಎಂದು ಎಲೆಯನ್ನು ಮುಂದಕ್ಕೆ ಸರಿಸಿದೆ.